ಕೋಡಿ ಬಿದ್ದದ್ದು ಇಂಗ್ಲಿಷಿನಲ್ಲಿ

ಕೆರೆ ಕೋಡಿ ಬಿತ್ತು ಎಂದರೆ ಕೆರೆ ತುಂಬಿತು ಎಂದರ್ಥ. ತುಂಬಿ, ಹೆಚ್ಚಾದ ನೀರು ಕೋಡಿಯ ಕಲ್ಲುಕಟ್ಟೆಯ ಮೇಲೆ ಹಾದು ಹೊರಗೆ ಬಿತ್ತು ಎಂದರ್ಥ. ಕಟ್ಟೆ ಕುಸಿಯಿತು ಎಂದಲ್ಲ, ಏರಿ ಒಡೆಯಿತು ಎಂದಲ್ಲ. ಊರಿಗೊಂದು, ಕೆಲವು ಊರಿಗೆ ಮೂರು ಕೆರೆ ಇರುವ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ನಾಚಿಕೆಗೇಡು. ಆದರೂ ಹೇಳುತ್ತಿದ್ದೇನೆ. ಏಕೆಂದರೆ ಈ ಎರಡು ತಾಲ್ಲೂಕುಗಳ ಇನ್ನೂರ ಹನ್ನೆರಡು ಮಂದಿ ವಿದ್ಯಾವಂತರಿಗೆ ಕಳೆದ ತಿಂಗಳು ಇದರ ಅರ್ಥ ಇದ್ದಕ್ಕಿದ್ದಂತೆ ಮರೆತುಹೋಯಿತು. ಅವರ ಮರೆವಿನಿಂದಾಗಿ ಬೊಮ್ಮನಮತ್ತಿಯ ನೀರುಗಂಟಿ ಕಲ್ಲಪ್ಪನವರ ಕೆಲಸ ಬರುವ ಸೋಮವಾರ ಹೋಗುವುದರಲ್ಲಿದೆ.

ಕಲ್ಲಪ್ಪನವರಿಗೆ ನಲವತ್ತೆಂಟು ವರ್ಷ. ಸೊರಬದಿಂದ ಉಳವಿ ಕಡೆಗೆ ಹೋಗುವ ಬಸ್ಸು ಹತ್ತಿ ಕ್ರಾಸಿನಲ್ಲಿ ಇಳಿದು ಎರಡು ಮೈಲಿ ನಡೆದರೆ ಅವರ ಊರು. ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಫೇಲಾಗಿ, ಕೆಲವು ಕಾಲ ಅಂಬ್ಲಿಗೊಳ ಜಲಾಶಯದ ಚಾನಲ್ಲಿನ ಹೂಳು ತೆಗೆಯುವ ಕೆಲಸ ಮಾಡಿ, ಆಮೇಲೆ ಊರಿನ ಕೆರೆಯ ತೂಬಿಗೆ ಬಂದು ನಿಂತವರು ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇದ್ದಾರೆ. ದಿನಗೂಲಿ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿ ಹಾಕುವುದು, ಸರದಿ ತಪ್ಪಿಸಿದವರ ಬಾಯಿಂದ ಬೈಸಿಕೊಳ್ಳುವುದು. ಕಚೇರಿಯ ಕಾಗದದಲ್ಲಿ ಅವರ ಕೆಲಸ ಅರ್ಧ ಸಾಲು. ಕೆರೆಯ ಕೆಳಗಿನ ಇನ್ನೂರು ಎಕರೆ ಭತ್ತದ ಗದ್ದೆಯನ್ನು ಕೇಳಿದರೆ ಬೇರೆ ಲೆಕ್ಕ ಹೇಳುತ್ತದೆ.

ಈ ಮನುಷ್ಯ ಎಂಟು ವರ್ಷದಿಂದ ಇಂಗ್ಲಿಷಿನಲ್ಲಿ ಬ್ಲಾಗ್ ಬರೆಯುತ್ತಿದ್ದಾರೆ.

ನಗು ಬಂತಲ್ಲ? ಬರಲಿ, ಶಿಕಾರಿಪುರದ ಜನಕ್ಕೂ ಬಂದಿತ್ತು. ಅವರು ಏಕೆ ಬರೆಯಲು ಹೊರಟರು ಎಂಬುದನ್ನು ಕೇಳಿದ ಮೇಲೂ ನಗು ಉಳಿದರೆ ಈ ಲೇಖನ ನಿಮಗಲ್ಲ, ಪುಟ ತಿರುವಿ ರಾಶಿಫಲ ಓದಿಕೊಳ್ಳಿ.

ಎಂಟು ವರ್ಷದ ಹಿಂದೆ ಹೊರದೇಶದ ಹೆಂಗಸೊಬ್ಬರು ಕೆರೆಗಳ ಬಗ್ಗೆ ಅಧ್ಯಯನ ಮಾಡಲು ಬಂದಿದ್ದರು. ಅವರ ಜೊತೆಗೆ ಮಾತು ತಿಳಿಸಿಕೊಡಲು ಬಂದವರು ಶಿಕಾರಿಪುರದ ಶ್ರೀಶ ಮೇಷ್ಟ್ರು. ಬಸ್‌ಸ್ಟ್ಯಾಂಡಿನ ಎದುರಿನ ಮಾಳಿಗೆಯಲ್ಲಿ ಹದಿನೆಂಟು ವರ್ಷದಿಂದ ಇಂಗ್ಲಿಷ್ ಟ್ಯೂಷನ್ ಹೇಳುವವರು. ಆ ಹೆಂಗಸು ನೀರನ್ನು ಹೇಗೆ ಹಂಚುತ್ತೀರಿ ಎಂದು ಕೇಳಿದರು. ಕಲ್ಲಪ್ಪನವರು ಅರ್ಧ ಗಂಟೆ ವಿವರಿಸಿದರು. ಕೆರೆ ತುಂಬಿದ ವರ್ಷ ಸರದಿ ತೂಬಿನ ಪಕ್ಕದ ಗದ್ದೆಯಿಂದ ಶುರು. ನೀರು ಕಮ್ಮಿ ಇದ್ದ ವರ್ಷ ಅದು ತಿರುಗಿ, ಕಟ್ಟಕಡೆಯ ಬಾಲದ ಗದ್ದೆಗೆ ಮೊದಲ ನೀರು. ಏಕೆಂದರೆ ತಲೆಯ ಗದ್ದೆಯವನು ಹೇಗಾದರೂ ನೀರು ಎಳೆದುಕೊಳ್ಳುತ್ತಾನೆ, ಬಾಲದವನಿಗೆ ಸರದಿ ಬಿಟ್ಟರೆ ಬೇರೆ ದಿಕ್ಕಿಲ್ಲ. ಇದನ್ನು ಯಾವ ಸಾಹೇಬನೂ ಬರೆದುಕೊಟ್ಟದ್ದಲ್ಲ, ಅಲ್ಲಿಯವರು ಜಗಳವಾಡಿ ಜಗಳವಾಡಿ ಮಾಡಿಕೊಂಡ ಕಟ್ಟಳೆ. ಎಲ್ಲ ಕೇಳಿಸಿಕೊಂಡ ಶ್ರೀಶ ಮೇಷ್ಟ್ರು ಆ ಹೆಂಗಸಿನ ಕಡೆ ತಿರುಗಿ, ಇಂಗ್ಲಿಷಿನಲ್ಲಿ ನಾಲ್ಕೇ ಪದ ಹೇಳಿದರು: ಇಟ್ ಈಸ್ ದೇರ್ ಟ್ರೆಡಿಷನ್. ಅದು ಅವರ ಸಂಪ್ರದಾಯ.

ಪಿಯುಸಿ ಫೇಲಾದವರಿಗೂ ನಾಲ್ಕು ಪದ ಎಣಿಸಲು ಬರುತ್ತದೆ.

"ಸಾರ್, ನಾನು ಹೇಳಿದ್ದು ಇಷ್ಟೇ ಏನ್ರೀ?" ಎಂದು ಕೇಳಿದರು ಕಲ್ಲಪ್ಪನವರು.

"ಅಷ್ಟೆಲ್ಲ ಅವರಿಗೆ ಬೇಡ ಬಿಡಪ್ಪ," ಎಂದರು ಮೇಷ್ಟ್ರು.

ಮುಂದಿನ ಸಂತೆಯ ದಿನ ಕಲ್ಲಪ್ಪನವರು ಸೊರಬಕ್ಕೆ ಹೋಗಿ ಕನ್ನಡ–ಇಂಗ್ಲಿಷ್ ನಿಘಂಟು ಕೊಂಡರು. ಅದಕ್ಕೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಹೊದಿಸಿ, ಟವೆಲಿನಲ್ಲಿ ಸುತ್ತಿ ಕೆರೆ ಏರಿಗೆ ಒಯ್ಯತೊಡಗಿದರು. ತೂಬು ಎತ್ತಿದ ಮೇಲೆ ನೀರುಗಂಟಿ ಜಾಗ ಬಿಟ್ಟು ಕದಲುವಂತಿಲ್ಲ, ಮೂರು ನಾಲ್ಕು ಗಂಟೆ ಅಲ್ಲೇ ಕೂತಿರಬೇಕು. ಮಿಕ್ಕವರು ಆ ಹೊತ್ತಿನಲ್ಲಿ ಬೀಡಿ ಸೇದುತ್ತಾರೆ. ಇವರು ನೋಟುಬುಕ್ಕಿನ ಎಡಗಡೆ ಕನ್ನಡದಲ್ಲಿ ಒಂದು ಸಾಲು ಬರೆದು, ಬಲಗಡೆ ಅದನ್ನು ಇಂಗ್ಲಿಷ್ ಮಾಡಿ, ಆಮೇಲೆ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಏರಿಸುತ್ತಾರೆ. ಬ್ಲಾಗಿಗೆ ಅವರಿಟ್ಟ ಹೆಸರು 'ವಾಟರ್‌ಮ್ಯಾನ್ ಕಲ್ಲಪ್ಪ'. ಕ್ರಾಸಿನ ಚಹಾದಂಗಡಿಯ ತಿಪ್ಪೇಶ ಆ ಹೆಸರು ಕೇಳಿದವನೇ, "ಕಲ್ಲಪ್ಪಣ್ಣ, ನಮ್ಮಂಗಡಿಗೂ ದಿನಾ ಎರಡು ಕ್ಯಾನ್ ನೀರು ಹಾಕ್ಬಿಡು," ಎಂದ. ಎಂಟು ವರ್ಷವಾದರೂ ಅವನು ಆ ಮಾತು ಬಿಟ್ಟಿಲ್ಲ. ಅದು ಅಂಗಡಿ ಮುಂದಿನ ಕುಚೋದ್ಯ, ಅದರಲ್ಲಿ ವಿಷವಿಲ್ಲ.

ಕನ್ನಡದಲ್ಲೇ ಬರೆಯಬಾರದೇ ಎಂದು ನಾನೂ ಅವರನ್ನು ಕೇಳಿದ್ದೇನೆ.

"ಕನ್ನಡದಾಗೆ ಬರ್ದು ಯಾರಿಗೆ ಹೇಳ್ಲಿ?" ಎಂದರು. "ನಮ್ಮೋರಿಗೆ ಗೊತ್ತೈತಿ. ಗೊತ್ತಿಲ್ದೇ ನಮ್ಮ ಬಗ್ಗೆ ಬರ್ಕೊಂಡು ಹೋಗೋರು ಇಂಗ್ಲಿಷ್ನೋರು. ಅವ್ರಿಗೆ ಹೇಳ್ಬೇಕಲ್ರೀ."

ನಮ್ಮೋರಿಗೆ ಗೊತ್ತೈತಿ ಎಂಬ ಅವರ ನಂಬಿಕೆ ಎಷ್ಟು ಟೊಳ್ಳು ಎಂಬುದನ್ನು ಮುಂದೆ ನೋಡುವಿರಂತೆ.

ಅವರ ಇಂಗ್ಲಿಷ್ ತಪ್ಪೇ? ತಪ್ಪು. ನಾನು ಅದನ್ನು ಸರಿ ಎಂದು ವಾದಿಸುವುದಿಲ್ಲ. ಬಾಲದ ಗದ್ದೆ ಮೊದಲು ನೀರು ಕುಡಿಯಿತು ಎನ್ನುವುದನ್ನು ಅವರು ಲಾಸ್ಟ್ ಫೀಲ್ಡ್ ಡ್ರ್ಯಾಂಕ್ ಫಸ್ಟ್ ಎಂದು ಬರೆಯುತ್ತಾರೆ. ಏರಿಯಲ್ಲಿ ಒಸರು ಕಂಡಾಗ ನಾವು ಏರಿ ಬೆವರುತ್ತಿದೆ ಎನ್ನುತ್ತೇವಲ್ಲ, ಅದನ್ನು ಬಂಡ್ ಈಸ್ ಸ್ವೆಟಿಂಗ್ ಎಂದು ಹಾಗೇ ಇಳಿಸುತ್ತಾರೆ. ಇದನ್ನು ಓದಿ ಶ್ರೀಲಂಕಾದಿಂದ ಒಬ್ಬ ಮುದುಕ ಬರೆದ. ಅವನೂ ಅಲ್ಲಿ ಒಂದು ಕೆರೆ ನೋಡಿಕೊಳ್ಳುವವನಂತೆ. ನಮ್ಮ ಏರಿಯೂ ಬೆವರುತ್ತದೆ, ನಾವು ಮಣ್ಣುಸಹಿತ ಹುಲ್ಲಿನ ಹೆಂಟೆ ಒತ್ತುತ್ತೇವೆ, ನೀವು ಏನು ಮಾಡುತ್ತೀರಿ ಎಂದು ಕೇಳಿದ. ಅವನ ಇಂಗ್ಲಿಷ್ ಕಲ್ಲಪ್ಪನವರದಕ್ಕಿಂತ ಕೆಟ್ಟದು. ನಾಲ್ಕು ವರ್ಷದಿಂದ ಇಬ್ಬರೂ ಏರಿ, ತೂಬು, ಏಡಿ ತೋಡಿದ ತೂತು, ಹೆಂಡತಿಯ ಮಂಡಿನೋವು ಎಲ್ಲವನ್ನೂ ಮಾತಾಡಿಕೊಂಡಿದ್ದಾರೆ. ಒಮ್ಮೆಯೂ ಒಬ್ಬರಿಗೊಬ್ಬರು ಅರ್ಥವಾಗದೆ ನಿಂತದ್ದಿಲ್ಲ. ನಿಘಂಟೂ ವ್ಯಾಕರಣವೂ ಬಾಯಿಪಾಠ ಇರುವ ಸಜ್ಜನರಿಗೆ ಮಾತ್ರ ಈ ಭಾಷೆ ಅರ್ಥವಾಗಲಿಲ್ಲ.

ಆ ಸಜ್ಜನರ ವಿಷಯಕ್ಕೆ ಬರುತ್ತೇನೆ. 'ಇಂಗ್ಲಿಷ್ ಲವರ್ಸ್ ಶಿಕಾರಿಪುರ–ಸೊರಬ' ಎಂಬ ವಾಟ್ಸ್ಯಾಪ್ ಗುಂಪೊಂದಿದೆ. ಕಟ್ಟಿದವರು ಶ್ರೀಶ ಮೇಷ್ಟ್ರು. ವಕೀಲರು, ನಿವೃತ್ತ ಹೆಡ್‌ಮಾಸ್ಟರುಗಳು, ಅಡಿಕೆ ಮಂಡಿಯವರು, ಬ್ಯಾಂಕಿನವರು, ಒಟ್ಟು ಇನ್ನೂರ ಹನ್ನೆರಡು ಮಂದಿ. ಇವರ ಇಂಗ್ಲಿಷ್ ಪ್ರೇಮ ಬೆಳಿಗ್ಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್‌ನಿಂದ ಶುರುವಾಗಿ, ಯಾರೋ ಎಲ್ಲೋ ಬರೆದ ನೀತಿವಾಕ್ಯವನ್ನು ಮುಂದಕ್ಕೆ ತಳ್ಳುವುದರಲ್ಲಿ ಮುಗಿಯುತ್ತದೆ. ಮೂರು ವರ್ಷದಲ್ಲಿ ಆ ಗುಂಪಿನಲ್ಲಿ ಯಾರೊಬ್ಬರೂ ತಮ್ಮದೇ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದದ್ದನ್ನು ನಾನು ಕಂಡಿಲ್ಲ. ಬರೆದರೆ ತಪ್ಪು ಸಿಕ್ಕಿಬಿಡುತ್ತದಲ್ಲ. ಹೆಬ್ಬೆರಳು ತೋರಿಸುವುದರಲ್ಲಿ ತಪ್ಪಾಗುವುದಿಲ್ಲ. ಭಾನುವಾರ ಮಾತ್ರ ಗುಂಪಿಗೆ ಕಳೆ ಬರುತ್ತಿತ್ತು. ಅವತ್ತು ಮೇಷ್ಟ್ರು ಕಲ್ಲಪ್ಪನವರ ಬ್ಲಾಗಿನಿಂದ ಒಂದು ಸಾಲು ಫೋಟೊ ಹೊಡೆದು 'ವಾರದ ಕಾಮಿಡಿ' ಎಂದು ಹಾಕುತ್ತಿದ್ದರು. ನೂರಾರು ನಗುವ ಮುಖಗಳು ಬೀಳುತ್ತಿದ್ದವು. ನಾನೂ ಆ ಗುಂಪಿನಲ್ಲಿದ್ದೆ. ಒಂದೆರಡು ಸಲ ನನ್ನದೂ ಬಿದ್ದಿದೆ.

ಈ ಜೂನಿನಲ್ಲಿ ಕಲ್ಲಪ್ಪನವರು ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಮೇಷ್ಟ್ರ ಕಣ್ಣಿಗೆ ಬಿದ್ದರು. ಮೇಷ್ಟ್ರು ನಾಲ್ಕು ಜನರೆದುರು ಪಾಠ ಶುರುಮಾಡಿದರು. ಕೋಡಿ, ತೂಬು, ಬಾಗಿನ ಎಂದು ಅರ್ಧ ಕನ್ನಡ ತುಂಬಿದರೆ ಅದು ಇಂಗ್ಲಿಷ್ ಹೇಗಾದೀತು, ಎಲ್ಲದಕ್ಕೂ ಇಂಗ್ಲಿಷ್ ಪದ ಇದೆ, ನಿಘಂಟು ಇರುವುದು ಯಾತಕ್ಕೆ ಎಂದರು. ಗುರು ಹೇಳಿದ ಮಾತು ಎಂದು ಕಲ್ಲಪ್ಪನವರು ಅದನ್ನು ಮನಸ್ಸಿಗೆ ತೆಗೆದುಕೊಂಡರು. ಅಲ್ಲೇ ಆದದ್ದು ಅನಾಹುತ.

ಆಗಸ್ಟಿನಲ್ಲಿ ಒಂದು ಶನಿವಾರ ಬೆಳಗ್ಗೆ ಐದೂವರೆಗೆ ಬೊಮ್ಮನಮತ್ತಿಯ ಕೆರೆ ಕೋಡಿ ಬಿತ್ತು. ಮಧ್ಯಾಹ್ನ ಊರಿನ ಹೆಂಗಸರು ಮೊರದಲ್ಲಿ ಅರಿಸಿನ, ಕುಂಕುಮ, ಬಳೆ ಇಟ್ಟು ಕೆರೆಗೆ ಬಾಗಿನ ಬಿಟ್ಟರು. ಮೊದಲ ಮೊರ ಕಲ್ಲಪ್ಪನವರ ಹೆಂಡತಿ ವರದಮ್ಮನವರದು. ಅವತ್ತು ಕಲ್ಲಪ್ಪನವರು ಎಂಟು ವರ್ಷದಲ್ಲಿ ಮೊದಲ ಬಾರಿಗೆ ಒಂದೂ ಕನ್ನಡ ಪದ ಇಲ್ಲದ ಇಂಗ್ಲಿಷ್ ಬರೆದರು. ಕೋಡಿಗೆ ನಿಘಂಟಿನಲ್ಲಿ ವಿಯರ್ ಎಂಬ ಪದ ಸಿಕ್ಕಿತು. ಬಾಗಿನಕ್ಕೆ ಗಿಫ್ಟ್. ಮೊದಲ ಸಾಲು ಹೀಗಿತ್ತು: ದಿ ವಿಯರ್ ಆಫ್ ಅವರ್ ಟ್ಯಾಂಕ್ ಫೆಲ್ ಡೌನ್. ಎರಡನೆಯದು: ಆಲ್ ಪೀಪಲ್ ಆರ್ ವೆರಿ ಹ್ಯಾಪಿ. ಮೂರನೆಯದು: ಲೇಡೀಸ್ ಗೇವ್ ಗಿಫ್ಟ್ ಟು ವಾಟರ್.

ಕನ್ನಡ ಬಾರದೆ ಇಂಗ್ಲಿಷ್ ಮಾತ್ರ ಬರುವವನು ಮೊದಲ ಸಾಲನ್ನಷ್ಟೇ ಓದಿದರೆ, ಕೆರೆಯ ಕಟ್ಟೆ ಕುಸಿದುಬಿತ್ತು ಎಂದೇ ತಿಳಿಯುತ್ತಾನೆ. ಮೂರೂ ಸಾಲು ಓದಿದರೆ, ಕಟ್ಟೆ ಕುಸಿದದ್ದಕ್ಕೆ ಯಾರೂ ಸಂತೋಷಪಟ್ಟು ಉಡುಗೊರೆ ಕೊಡುವುದಿಲ್ಲ ಎಂಬಷ್ಟು ಬುದ್ಧಿ ಓಡುತ್ತದೆ. ಲಂಕೆಯ ಮುದುಕನಿಗೆ ಓಡಿತು. ನಮ್ಮ ಕಡೆ ಕೆರೆ ತುಂಬಿ ಹರಿದರೆ ಹಾಲು ಉಕ್ಕಿಸುತ್ತೇವೆ, ನಿಮ್ಮ ಹೆಂಗಸರಿಗೆ ನನ್ನ ನಮಸ್ಕಾರ ತಿಳಿಸಿ ಎಂದು ಸಂಜೆಯೊಳಗೆ ಉತ್ತರ ಬರೆದ.

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಶ್ರೀಶ ಮೇಷ್ಟ್ರು ಮೂರೂ ಸಾಲಿನ ಫೋಟೊವನ್ನು ಗುಂಪಿಗೆ ಹಾಕಿದರು. ನಗು ಅಷ್ಟಾಗಿ ಬೀಳಲಿಲ್ಲ. ಹತ್ತು ನಿಮಿಷ ಬಿಟ್ಟು, ಕೆಳಗಿನ ಎರಡು ಸಾಲು ಕತ್ತರಿಸಿ ಮೊದಲ ಸಾಲನ್ನಷ್ಟೇ ಮತ್ತೆ ಹಾಕಿದರು. 'ಬೊಮ್ಮನಮತ್ತಿ ಮುಳುಗಿತು' ಎಂದು ಮೇಲೊಂದು ಒಕ್ಕಣೆ. ಈಗ ನಗು ಧಾರಾಳವಾಗಿ ಬಿತ್ತು. ಇನ್ನೂರ ಹನ್ನೆರಡು ಮಂದಿಗೂ ಕೋಡಿ ಬೀಳುವುದೆಂದರೇನು ಎಂದು ಗೊತ್ತು, ಪೂರ್ತಿ ಫೋಟೊವೂ ಅವರ ಕಣ್ಣೆದುರೇ ಇತ್ತು. ಒಬ್ಬರೂ ಮೇಷ್ಟ್ರೇ ಇದು ಬೇಡ, ಊರಿನ ಹೆಸರು ಬೇರೆ ಹಾಕಿದ್ದೀರಿ ಎನ್ನಲಿಲ್ಲ. ಯಾರೋ ಪುಣ್ಯಾತ್ಮರು ಕತ್ತರಿಸಿದ ಫೋಟೊವನ್ನು ಇನ್ನೊಂದು ಗುಂಪಿಗೆ ದಾಟಿಸಿದರು. ಅಲ್ಲಿ ನಗುವ ಮುಖಗಳಿರಲಿಲ್ಲ.

ಹನ್ನೊಂದು ಗಂಟೆಗೆ ಕೆರೆಯ ಕೆಳಗಿನ ಕೇರಿಯ ಮಾರಪ್ಪನ ಮೊಬೈಲಿಗೆ ಚಂದ್ರಗುತ್ತಿಯ ನೆಂಟರ ಫೋನು ಬಂತು, ಕೆರೆ ಒಡೆದಿದೆಯಂತೆ ಎಂದು. ಮಾರಪ್ಪ ದನ ಬಿಚ್ಚಿ ಗುಡ್ಡದ ಕಡೆ ಹೊಡೆದ. ಕೇರಿಯವರು ಕೈಗೆ ಸಿಕ್ಕಿದ್ದನ್ನು ಹೊತ್ತು ಅವನ ಹಿಂದೆ ಹೋದರು. ಓಡುವಾಗ ಬಿದ್ದು ಒಬ್ಬ ಅಜ್ಜಿಯ ಕಾಲು ಉಳುಕಿತು. ಒಂದು ಗಂಟೆಯ ಹೊತ್ತಿಗೆ ಸೊರಬದ ಕಚೇರಿಯ ಜೀಪು ಬಂತು. ಅದರಲ್ಲಿ ಉತ್ತರ ಭಾರತದ ಕಡೆಯಿಂದ ಹೊಸದಾಗಿ ಬಂದ, ಕನ್ನಡ ಬಾರದ ಅಧಿಕಾರಿ. ಪಕ್ಕದಲ್ಲಿ ಇಂಜಿನಿಯರ್ ಚಂದ್ರಶೇಖರ್. ಈ ಚಂದ್ರಶೇಖರ್ ನಮ್ಮವರೇ, ಕೆರೆ ನೀರಿನಲ್ಲಿ ಈಜು ಕಲಿತವರೇ.

ಕಟ್ಟೆ ಕಲ್ಲುಗುಂಡಿನಂತೆ ನಿಂತಿತ್ತು. ಅದರ ಮೇಲೆ ತೆಳ್ಳಗೆ ನೀರು ಇಳಿಯುತ್ತಿತ್ತು, ಬುಡದಲ್ಲಿ ಹಿಂದಿನ ದಿನದ ಮೊರಗಳು ಸಿಕ್ಕಿಕೊಂಡಿದ್ದವು. ಅಧಿಕಾರಿ ಫೋನು ತೋರಿಸಿ ಇದನ್ನು ಬರೆದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕಲ್ಲಪ್ಪನವರು ಮುಂದೆ ಬಂದರು. ಕೋಡಿ ಬೀಳುವುದೆಂದರೆ ಹೀಗೆ, ನಾನು ಬರೆದದ್ದು ಇದನ್ನೇ, ಕೆಳಗೆ ಇನ್ನೂ ಎರಡು ಸಾಲು ಇದ್ದವು, ಅವನ್ನು ಯಾರೋ ಕಿತ್ತಿದ್ದಾರೆ ಎಂದು ಕನ್ನಡದಲ್ಲಿ ಚಂದ್ರಶೇಖರ್‌ಗೆ ಹೇಳಿದರು. ಚಂದ್ರಶೇಖರ್ ತಲೆಯಾಡಿಸಿ ಕೇಳಿ, ಅಧಿಕಾರಿಯ ಕಡೆ ತಿರುಗಿ, ಇವನು ಕ್ಷಮೆ ಕೇಳುತ್ತಿದ್ದಾನೆ ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಆಗ ಕಲ್ಲಪ್ಪನವರು ಬಾಯಿಬಿಟ್ಟರು. ಅಷ್ಟು ವರ್ಷ ಬರೆದಿದ್ದರೂ ಇಂಗ್ಲಿಷನ್ನು ಒಬ್ಬ ಮನುಷ್ಯನ ಎದುರು ನಿಂತು ಆಡಿದ್ದು ಅದೇ ಮೊದಲು.

"ನೋ ಸರ್. ಐ ಡಿಡ್ ನಾಟ್ ಟೆಲ್ ಸಾರಿ. ಐ ಟೋಲ್ಡ್ ಟ್ಯಾಂಕ್ ಈಸ್ ಫುಲ್."

ನಾನು ಸಾರಿ ಎನ್ನಲಿಲ್ಲ, ಕೆರೆ ತುಂಬಿದೆ ಎಂದೆ. ಅಧಿಕಾರಿಗೆ ಮಾತು ತಲುಪಿತು, ಚಂದ್ರಶೇಖರ್ ಮುಖ ಕೆಂಪಾಯಿತು. ಆದರೆ ಹೊಸ ಅಧಿಕಾರಿ ದಿನಗೂಲಿಯವನ ಮಾತು ಹಿಡಿದು ತಮ್ಮ ಇಂಜಿನಿಯರನ್ನು ಊರವರೆದುರು ಬಿಟ್ಟುಕೊಡುವುದುಂಟೇ? ಜೀಪು ಹೊರಟಿತು. ಮೂರನೆಯ ದಿನ ನೋಟಿಸು ಬಂತು: ಸುಳ್ಳು ಸುದ್ದಿ ಹಬ್ಬಿಸಿ ಜನರನ್ನು ಗಾಬರಿಪಡಿಸಿದ್ದಕ್ಕೆ ಕೆಲಸದಿಂದ ಏಕೆ ತೆಗೆಯಬಾರದು, ಮುಂದಿನ ತಿಂಗಳ ಎರಡನೆಯ ಸೋಮವಾರ ಹನ್ನೊಂದು ಗಂಟೆಗೆ ಸೊರಬದ ಕಚೇರಿಗೆ ಬಂದು ಹೇಳು ಎಂದು.

ಚಂದ್ರಶೇಖರ್ ಕೆಟ್ಟವರಲ್ಲ ಎಂದು ಕಚೇರಿಯವರು ಹೇಳುತ್ತಾರೆ. ದಾರಿಯೊಂದನ್ನು ಅವರೇ ಮಾಡಿಕೊಟ್ಟಿದ್ದಾರಂತೆ. ಒಂದು ಹಾಳೆಯಲ್ಲಿ ಟೈಪು ಮಾಡಿಸಿ ಕಳಿಸಿದ್ದಾರೆ: ನನಗೆ ಇಂಗ್ಲಿಷ್ ಬರುವುದಿಲ್ಲ, ಅರ್ಥ ತಿಳಿಯದೆ ಬರೆದೆ, ಬ್ಲಾಗನ್ನು ಅಳಿಸಿ ಹಾಕುತ್ತೇನೆ. ಇದರ ಕೆಳಗೆ ಸಹಿ ಹಾಕಿದರೆ ಕೆಲಸ ಉಳಿಯುತ್ತದೆ, ವಿಷಯ ಮುಗಿಯುತ್ತದೆ.

ನಾನು ಅವರ ಮನೆಗೆ ಹೋದ ಮಧ್ಯಾಹ್ನ ಆ ಹಾಳೆ ಜಗಲಿಯ ಮೇಲೆ ಬಿದ್ದಿತ್ತು, ಹಾರದಂತೆ ಮೇಲೊಂದು ಅಡಕತ್ತರಿ ಇಟ್ಟಿದ್ದರು. ವರದಮ್ಮನವರು ನನ್ನ ಮುಂದೆಯೇ ಗಂಡನಿಗೆ ಶುರುಮಾಡಿದರು.

"ಒಂದು ಸಹಿ ಹಾಕಿದ್ರೆ ಇವ್ರ ಗಂಟೇನು ಹೋಗ್ತತಿ, ನೀವಾರ ಹೇಳ್ರೀ. ನಂಗೂ ಇಂಗ್ಲಿಷ್ ಬರಲ್ಲ. ನಾನೇನು ಸತ್ತೋಗೀನಾ?"

"ನಿಂಗೆ ಬರಲ್ಲ, ಬರಲ್ಲ ಅಂತ ನೀನು ಬರ್ಕೊಟ್ರೆ ಅದು ಖರೆ," ಎಂದರು ಕಲ್ಲಪ್ಪನವರು. "ನಂಗೆ ಬರ್ತತಿ. ಅವ್ರಷ್ಟು ಬರಲ್ಲ. ಆದ್ರೂ ಬರ್ತತಿ."

ವರದಮ್ಮನವರು ನನ್ನ ಮುಖ ನೋಡಿದರು. ತೂಬು ಬಿಟ್ಟರೆ ಆ ಮನೆಗೆ ಬೇರೆ ದುಡಿಮೆಯಿಲ್ಲ. ಆಮೇಲೆ ಅವರೇ ಕೇಳಿದರು, ಆ ಮೂರನೇ ಸಾಲಿನಲ್ಲಿ ಇದ್ದದ್ದು ನಮ್ಮ ಬಾಗಿನದ ವಿಷಯ ಹೌದೇನು ಎಂದು. ಹೌದು ಎಂದೆ. ಅದನ್ನು ಕತ್ತರಿಸಿದ್ದು ಯಾರು ಎಂದರು. ಹೇಳಿದೆ. ವರದಮ್ಮನವರು ಹಾಳೆಯ ಮೇಲಿದ್ದ ಅಡಕತ್ತರಿ ತೆಗೆದುಕೊಂಡು ಒಳಗೆ ಹೋದರು. ಹಾಳೆ ಗಾಳಿಗೆ ಅಂಗಳಕ್ಕೆ ಹಾರಿತು. ಕಲ್ಲಪ್ಪನವರಾಗಲಿ ನಾನಾಗಲಿ ಅದನ್ನು ಎತ್ತಲು ಏಳಲಿಲ್ಲ.

ಅಲ್ಲಿಂದ ನೇರವಾಗಿ ಶಿಕಾರಿಪುರಕ್ಕೆ ಹೋಗಿ ಶ್ರೀಶ ಮೇಷ್ಟ್ರ ಮಾಳಿಗೆ ಹತ್ತಿದೆ. ಅವರು ಕರ್ಮಣಿ ಪ್ರಯೋಗ ಹೇಳಿಕೊಡುತ್ತಿದ್ದರು. ಹೊರಗೆ ಕರೆದು, ಸೋಮವಾರ ಬಂದು ಫೋಟೊ ಕತ್ತರಿಸಿದವನು ನಾನು ಎಂದು ಹೇಳಿ ಎಂದೆ.

"ನನ್ನ ಹೆಸರು ಯಾಕ್ರೀ ಎಳೀತೀರಿ?" ಎಂದರು. "ಅವನು ಬರೆದದ್ದು ತಪ್ಪು ಹೌದೋ ಅಲ್ವೋ? ಗ್ರಾಮರ್ ಅಂದ್ರೆ ಗ್ರಾಮರೇ."

ಕರ್ಮಣಿ ಪ್ರಯೋಗದ ಮೇಷ್ಟ್ರು ಅಲ್ಲವೇ. ಫೋಟೊ ಕತ್ತರಿಸಲ್ಪಟ್ಟಿತು, ಸುದ್ದಿ ಹಬ್ಬಿಸಲ್ಪಟ್ಟಿತು, ಯಾರೂ ಏನೂ ಮಾಡಲಿಲ್ಲ. ಗುಂಪಿನ ವಕೀಲ ಶ್ರೀಕಾಂತರು ವಾಟ್ಸ್ಯಾಪಿನಲ್ಲಿ ಬಂದದ್ದು ಸಾಕ್ಷಿಯಾಗುವುದಿಲ್ಲ ಎಂದು ಕೇಳದಿದ್ದರೂ ಸಲಹೆ ಕೊಟ್ಟರು. ನಿವೃತ್ತ ಹೆಡ್‌ಮಾಸ್ಟರ್ ಪರಮಶಿವಪ್ಪನವರು ತಾವು ಆ ದಿನ ಕನ್ನಡಕ ಹಾಕಿರಲಿಲ್ಲ ಎಂದರು. ಹಾಗಾದರೆ ಮೂರು ನಗುವ ಮುಖಗಳನ್ನು ಹುಡುಕಿ ಒತ್ತಿದ ಬೆರಳು ಯಾರದು ಎಂದು ಕೇಳಿದೆ. ಅಷ್ಟರಲ್ಲಿ ಮೇಷ್ಟ್ರು ಎರಡೂ ಫೋಟೊಗಳನ್ನು ಗುಂಪಿನಿಂದ ಅಳಿಸಿದರು. ಮಾರನೆಯ ಬೆಳಿಗ್ಗೆ ಎಂದಿನಂತೆ ಗುಲಾಬಿ ಹೂವು ಬಂತು.

ನಾನು ಕಂಡದ್ದನ್ನು ಕನ್ನಡದಲ್ಲಿ ಬರೆದು ಕಚೇರಿಗೆ ಕೊಟ್ಟೆ. ಅಧಿಕಾರಿಗೆ ಕನ್ನಡ ಬಾರದು. ಚಂದ್ರಶೇಖರ್ ಅದನ್ನು ನೋಡಿ, ಪತ್ರಿಕೆಯವರದು ಏನೋ ಗೊಣಗಾಟ ಎಂದು ತಿಳಿಸಿದರಂತೆ. ಹಾಗಾಗಿ ಮತ್ತೆ ಇಂಗ್ಲಿಷಿನಲ್ಲಿ ಬರೆದೆ. ನಾನೂ ಡಿಗ್ರಿ ಮಾಡಿದವನಲ್ಲ. ಐದು ಸಾಲಿಗೆ ಎರಡು ದಿನ ಹಿಡಿಯಿತು, ಎಲ್ಲಿ ನಗುತ್ತಾರೋ ಎಂದು ನಾಲ್ಕು ಸಲ ಹರಿದು ಹಾಕಿದೆ. ಕಲ್ಲಪ್ಪನವರು ಎಂಟು ವರ್ಷ ಪ್ರತಿ ವಾರ ದಾಟಿದ ಹೊಸ್ತಿಲು ಅದು ಎಂದು ಆಗ ತಿಳಿಯಿತು. ಅಧಿಕಾರಿ ಓದಿದರು. ಇದು ಒಬ್ಬರ ಮಾತು, ಬ್ಲಾಗಿನಲ್ಲಿರುವ ಕೆಳಗಿನ ಎರಡು ಸಾಲು ಆಮೇಲೆ ಸೇರಿಸಿದ್ದೂ ಇರಬಹುದು, ಆ ಗುಂಪಿನಲ್ಲಿ ಇನ್ನು ಯಾರೂ ಇರಲಿಲ್ಲವೇ ಎಂದರು.

ನ್ಯಾಯವಾದ ಪ್ರಶ್ನೆ. ಅದನ್ನು ನಿಮಗೆ ದಾಟಿಸುತ್ತಿದ್ದೇನೆ. ಈ ಪತ್ರಿಕೆ ಎರಡೂ ತಾಲ್ಲೂಕಿಗೆ ಹೋಗುತ್ತದೆ, ಆ ಗುಂಪಿನವರಲ್ಲಿ ಮುಕ್ಕಾಲು ಪಾಲು ಇದರ ಚಂದಾದಾರರು. ನೀವು ಯಾರು ಎಂದು ನನಗೆ ಗೊತ್ತು, ನಿಮಗೂ ಗೊತ್ತು. ಇವತ್ತು ಗುರುವಾರ. ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಪೂರ್ತಿ ಫೋಟೊ ನೋಡಿದ್ದೆ, ಅರ್ಥ ಗೊತ್ತಿತ್ತು, ಕತ್ತರಿಸಿದ್ದನ್ನು ಕಂಡೂ ನಕ್ಕೆ, ಇಷ್ಟನ್ನು ಬರೆಯಿರಿ. ಇಂಗ್ಲಿಷಿನಲ್ಲೇ ಬರೆಯಿರಿ, ಇದನ್ನು ತೀರ್ಮಾನಿಸುವ ಅಧಿಕಾರಿ ಓದಬಲ್ಲದ್ದು ಆ ಭಾಷೆಯೊಂದನ್ನೇ. ಮೇಷ್ಟ್ರ ಹತ್ತಿರ ತಿದ್ದಿಸಬೇಡಿ, ಮಕ್ಕಳ ಕೈಯಲ್ಲಿ ಬರೆಸಬೇಡಿ. ಕೆಳಗೆ ನಿಮ್ಮ ಪೂರ್ತಿ ಹೆಸರು ಹಾಕಿ, ಸಹಿ ಮಾಡಿ, ಸೋಮವಾರ ಹನ್ನೊಂದು ಗಂಟೆಯೊಳಗೆ ಸೊರಬದ ಕಚೇರಿಗೆ ನೀವೇ ತಂದುಕೊಡಿ.